ಬಿಟ್ಟು ತೋರಿಸಿ ಎಂದೆ

ಈಗಲೂ ಯಾರಾದರೂ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ನನಗೆ ಸೈಕಲ್ ಬರುವುದಿಲ್ಲ. ಅಂಥವಳಿಗೇ ಹಿಂದೊಮ್ಮೆ ಸೈಕಲ್ ಸರ್ವೆಯ ಕೆಲಸ ಸಿಕ್ಕಿತ್ತು! ಪುತ್ತಿಗೆ ಕಡೆ ಒಂದು ಸಂಘದವರು ಹೆಂಗಸರಿಗೆ ಶಾಲೆಯ ಮೈದಾನದಲ್ಲಿ ಸೈಕಲ್ ಕಲಿಸಿ, ಒಬ್ಬೊಬ್ಬರಿಗೆ ಒಂದೊಂದು ಸೈಕಲ್ಲನ್ನೂ ಕೊಟ್ಟಿದ್ದರು. ವರ್ಷ ಕಳೆದ ಮೇಲೆ ಅವರಲ್ಲಿ ಎಷ್ಟು ಮಂದಿ ನಿಜವಾಗಿ ಬಿಡುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯುವುದು ನನ್ನ ಕೆಲಸ.

ಎಲ್ಲರದೂ ಒಂದೇ ಉತ್ತರ: "ದಿನಾ ಬಿಡ್ತೇನೆ ಟೀಚರೇ." ನಾನು ಟೀಚರಲ್ಲ, ಕೈಯಲ್ಲಿ ಫೈಲು ಇದ್ದವರೆಲ್ಲ ಅಲ್ಲಿ ಟೀಚರೇ. ಜಗಲಿಯ ಸೈಕಲ್ಲಿನ ಸೀಟಿಗೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೆಯೇ ಇರುತ್ತಿತ್ತು, ಚಕ್ರಕ್ಕೆ ಜೇಡ ಬಲೆ ಕಟ್ಟಿರುತ್ತಿತ್ತು. ನಾನೇನು ಕುರುಡಿಯೇ? ಸಿಟ್ಟು ಬರುತ್ತಿತ್ತು.

ಕೊನೆಗೆ ಗುಡ್ಡದ ಮೇಲಿನ ಒಂದು ಮನೆ. ಬೀಡಿ ಕಟ್ಟುವ ಹೆಂಗಸು, ಹೆಚ್ಚುಕಡಿಮೆ ನನ್ನದೇ ಪ್ರಾಯ. ಅವಳೂ "ದಿನಾ ಬಿಡ್ತೇನೆ" ಎಂದಳು, ನೆಲ ನೋಡಿಕೊಂಡು. ಎಲುಬಿಲ್ಲದ ನನ್ನ ನಾಲಿಗೆ, ತಡೆಯಲಿಲ್ಲ.

"ಹೌದಾ? ಹಾಗಾದ್ರೆ ಒಮ್ಮೆ ಬಿಟ್ಟು ತೋರಿಸಿ, ನೋಡುವ."

ತಮಾಷೆಗೆ ಅಂದದ್ದು. ಅವಳು ಮಡಿಲಿನ ಬೀಡಿ ಎಲೆಯನ್ನು ಕೊಡವಿ ಎದ್ದು, ಸೈಕಲ್ ಹತ್ತಿಯೇ ಬಿಟ್ಟಳು. ಅಂಗಳ ದಾಟಿದರೆ ನೇರ ಇಳಿಜಾರು, ಕೆಳಗೆ ಬಸ್ಸಿನ ರಸ್ತೆ. ಕಾಲಿಗೆ ಪೆಡಲು ಸಿಗುತ್ತಿರಲಿಲ್ಲ, ಬ್ರೇಕು ಹಿಡಿಯಲು ಗೊತ್ತಿರಲಿಲ್ಲ. ಅಷ್ಟರಲ್ಲಿ ತಿರುವಿನಾಚೆ ಕುಂಬಳೆ ಬಸ್ಸಿನ ಹಾರನ್ ಕೇಳಿತು.

"ಬಿದ್ದುಬಿಡಿ! ಅಯ್ಯೋ, ಬಿದ್ದುಬಿಡಿ!" ಎಂದು ಕಿರುಚಿದೆ. ಇವಳು ಸತ್ತರೆ ಕೊಂದವಳು ನಾನೇ ಎಂಬುದೊಂದೇ ತಲೆಯಲ್ಲಿ.

ರಸ್ತೆಗೆ ಎರಡು ಮಾರು ಇರುವಾಗ ಸೈಕಲ್ ಕೆಂಪು ಮುರಕಲ್ಲಿನ ರಾಶಿಗೆ ಹೊಡೆದು ಮಗುಚಿತು. ಬಸ್ಸು ಧೂಳೆಬ್ಬಿಸಿ ಹೋಯಿತು. ನಾನು ಬಿದ್ದೆದ್ದು ಓಡಿದೆ. ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ನೋಡದೆ ಮೊದಲು ಸೈಕಲ್ ಎತ್ತಿ, ಚಕ್ರ ತಿರುಗಿಸಿ ನೋಡಿದಳು.

"ಇದಕ್ಕೆ ಎಂತದೂ ಆಗ್ಲಿಲ್ಲ ಟೀಚರೇ. ಬಿಡದವರ ಸೈಕಲ್ ವಾಪಸ್ ಕೊಂಡುಹೋಗ್ತಾರೆ ಅಂತ ಎಲ್ಲರೂ ಹೇಳ್ತಾರೆ. ಮೈದಾನದಲ್ಲಿ ಕಲಿಸಿದ್ದು ಮರೆತೇ ಹೋಗಿದೆ, ನನಗೆ ಬರುವುದಿಲ್ಲ, ಹೌದು. ಆದ್ರೆ ಮಗಳು ಶಾಲೆಗೆ ಹೋಗುವುದು ಇದರಲ್ಲೇ."

ನನ್ನ ಹಾಳೆಯಲ್ಲಿ ಮಗಳಿಗೆ ಜಾಗವೇ ಇರಲಿಲ್ಲ. ಸೈಕಲ್ ಪಡೆದವಳು ಬಿಡುತ್ತಾಳೆ, ಇಲ್ಲವೇ ಬಿಡುವುದಿಲ್ಲ, ಅಷ್ಟೇ. ಬಸ್ಸು ಮೈಮೇಲೆ ಬರುವಾಗಲೂ ಕೂಗದಿದ್ದವಳು, ನಾನು ಪೆನ್ನಿನ ಮುಚ್ಚಳ ತೆಗೆದಾಗ ನಡುಗತೊಡಗಿದಳು.