ಬಿಲ್ಲೆಯ ಹಿಂಬದಿ

ಅಪ್ಪ ಸೈನ್ಯದಲ್ಲಿ ಗಡಿಯ ಠಾಣೆಗಳಿಗೆ ರೇಷನ್ ಸಾಗಿಸುವ ದಳದ ಲಾರಿ ಡ್ರೈವರ್ ಆಗಿದ್ದ. ರಜೆಗೆ ಕುಕನೂರಿಗೆ ಬಂದಾಗ ಕಟ್ಟೆಯ ಮೇಲೆ ಕೂತವರು, "ಲಾರಿ ಹೊಡ್ಯಾಂವ ಎಂಥಾ ಸಿಪಾಯಿ?" ಎಂದು ಕೆಣಕುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಪ್ಪ ಮಾತ್ರ ತಣ್ಣಗೆ, "ಹೇಸರಗತ್ತಿ ಮ್ಯಾಲ ಹೇರತಿದ್ದ ಕಾಲದಿಂದ ನಮ್ಮ ದಳ ಐತ್ರಿ. ನಾವು ಹಿಟ್ಟು ಮುಟ್ಟಿಸಲಿಲ್ಲಂದ್ರ ಬಂದೂಕ ಎತ್ತಾಕ ಕಸುವು ಎಲ್ಲಿಂದ ಬರತೈತಿ?" ಎನ್ನುತ್ತಿದ್ದ.

ಅವನ ಟೋಪಿಗೆ ಚಕ್ರ ಕೆತ್ತಿದ ಹಿತ್ತಾಳೆ ಬಿಲ್ಲೆಯಿತ್ತು. ಒಂದು ಮಹಾನವಮಿಗೆ ಅವ್ವ ಕುಡುಗೋಲು, ಕೊಡಲಿಗಳ ಪಕ್ಕ ಅದನ್ನೂ ಇಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳಿದಳು. ದುಡಿಯುವ ಸಾಮಾನಿಗೆಲ್ಲ ಪೂಜೆಯಾಗಬೇಕು ಎಂಬುದು ಅವಳ ಲೆಕ್ಕ. ಕುಂಕುಮ ಚಕ್ರದ ಗೆರೆಗಳಲ್ಲಿ ಕೂತುಬಿಟ್ಟಿತು. ಅಪ್ಪ ಪರೇಡಿನಲ್ಲಿ ಬೈಸಿಕೊಂಡು, ಹಲ್ಲುಜ್ಜುವ ಬ್ರಶ್ಶಿನಿಂದ ಎರಡು ದಿನ ತಿಕ್ಕಿದನಂತೆ. ಮುಂದಿನ ರಜೆಯಲ್ಲಿ ಅದನ್ನು ಹೇಳಿ ನಕ್ಕ. ಅವ್ವ ನಗಲಿಲ್ಲ. ಆ ಬಿಲ್ಲೆಯನ್ನು ಮತ್ತೆ ಮುಟ್ಟಲೂ ಇಲ್ಲ.

ಅಪ್ಪ ಈಗಿಲ್ಲ. ನನ್ನ ಮಗಳು ತರಬೇತಿ ಮುಗಿಸಿ ಅದೇ ದಳದಲ್ಲಿ ಅಧಿಕಾರಿಯಾಗಿದ್ದಾಳೆ. ಮೊದಲ ರಜೆಗೆ ಬಂದವಳು ಮಹಾನವಮಿಯ ಬೆಳಿಗ್ಗೆ ತನ್ನ ಟೋಪಿಯ ಬಿಲ್ಲೆ ಬಿಚ್ಚಿ ಅವ್ವನ ಮುಂದೆ ಹಿಡಿದಳು. ಅವ್ವ ಕೈ ಹಿಂದಕ್ಕೆಳೆದುಕೊಂಡು, "ಬ್ಯಾಡ ಬಿಡವಾ, ನಿನಗೂ ಬೈತಾರ" ಎಂದಳು.

ಮಗಳು ಬಿಲ್ಲೆಯನ್ನು ಅಂಗೈ ಮೇಲೆ ಬೋರಲು ಹಾಕಿದಳು. "ಹಿಂದ ಹಚ್ಚು ಅಜ್ಜಿ. ಟೋಪಿ ಹಾಕ್ಕೊಂಡಾಗ ಅದು ನನ್ನ ಹಣಿ ಕಡೆನ ಇರತೈತಿ."