ಪ್ರೊಸೆಸರ್ ಮೇಲಿನ ವಿಭೂತಿ

ಬಿಎಸ್ಸಿ ಮುಗಿಸಿ ಒಂದು ವರ್ಷವಾಗಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಬಾಡಿಗೆಯ ಕಪ್ಪು ಗೌನು ತೊಟ್ಟು ತೆಗೆಸಿದ ಫೋಟೋ ಬೇಗೂರಿನ ನಮ್ಮ ನಡುಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲೇ ತೂಗುತ್ತಿತ್ತು. ಅವ್ವ ಅದಕ್ಕೂ ಸೇರಿಸಿಯೇ ಊದುಬತ್ತಿ ಬೆಳಗುತ್ತಿದ್ದಳು. ಕೆಲಸ ಮಾತ್ರ ಸಿಕ್ಕಿರಲಿಲ್ಲ. ಟೀ ಅಂಗಡಿಯಲ್ಲಿ ಅಪ್ಪನನ್ನು ಜನ ಕೆಣಕುತ್ತಿದ್ದರು: "ನಿನ್ ಮಗ ಅಷ್ಟೊಂದ್ ಓದಿ ಏನ್ ಕಿಸ್ದ?"

ಒಂದು ದಿನ ಅಪ್ಪ ತಡೆಯಲಾರದೆ ಹೇಳಿಬಿಟ್ಟ: "ನನ್ ಮಗ ಸ್ವಂತಕ್ಕೆ ಕಂಪ್ಯೂಟ್ರು ಮಾಡ್ತಾವ್ನೆ. ಬರೋ ಭಾನ್ವಾರ ಮನೆತಕ್ ಬಂದು ನೋಡ್ಕೊಳಿ."

ಮಾಡುತ್ತಿದ್ದದ್ದು ನಿಜ. ಏತಕ್ಕೆಂಬುದನ್ನು ಮಾತ್ರ ಅಪ್ಪನಿಗೆ ಹೇಳಿರಲಿಲ್ಲ. ಕೆಲಸದ ಪರೀಕ್ಷೆಗೆ ಓದಿಕೊಳ್ಳಲು ಎಂದಿದ್ದೆ. ಅಸಲಿಗೆ ಚಾಮರಾಜನಗರದಲ್ಲಿ ಓದುವಾಗ ಬ್ರೌಸಿಂಗ್ ಸೆಂಟರೊಂದರಲ್ಲಿ ಕಾರ್ ರೇಸ್ ಆಟದ ಹುಚ್ಚು ಹಿಡಿದಿತ್ತು. ಸೈಕಲ್ಲನ್ನೇ ನೆಟ್ಟಗೆ ತುಳಿಯಲು ಬಾರದ ನಾನು ಅಲ್ಲಿ ಗಂಟೆಗೆ ಇನ್ನೂರು ಕಿಲೋಮೀಟರಿನಲ್ಲಿ ಹಾರುತ್ತಿದ್ದೆ. ಹೊಸ ಕಂಪ್ಯೂಟರ್ ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. ಆ ಸೆಂಟರ್ ಬಾಗಿಲು ಹಾಕಿದಾಗ, ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಒಂದು ಕ್ಯಾಬಿನೆಟ್ಟು, ಅದರೊಳಗಿದ್ದ ಮದರ್‌ಬೋರ್ಡು, ಪ್ರೊಸೆಸರು ಕೊಂಡುತಂದೆ. ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡು, ಬುರುಡೆಯಂಥ ಮಾನಿಟರು ಗುಂಡ್ಲುಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು.

ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಅಜ್ಜಿ ಕೇಳಿತು, "ಟೀವಿ ಕೆಟ್ಟೋಯ್ತಾ ಮಗ?"

"ಟೀವಿ ಅಲ್ಲಜ್ಜಿ, ಕಂಪ್ಯೂಟ್ರು."

"ಅದ್ರಲ್ಲಿ ಧಾರಾವಾಹಿ ಬತ್ತದಾ?"

"ಇಲ್ಲ."

"ಮತ್ಯಾಕಪ್ಪ ಒತ್ಕಂಡ್ ಓಯ್ತಿದ್ದೀಯೆ?"

ಮಾನಿಟರನ್ನು ಇನ್ನಷ್ಟು ತಬ್ಬಿಕೊಂಡು ಬೇಗೂರಿನಲ್ಲಿ ಇಳಿದೆ.

ಬುಧವಾರ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿಕೊಂಡೆ. ದೊಡ್ಡಪ್ಪನ ಮಗ ಬಂದು ಬಾಗಿಲಲ್ಲಿ ನಿಂತ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ, ಪಂಪ್‌ಸೆಟ್ ಮೋಟಾರು, ಮೈಕ್‌ಸೆಟ್ಟಿನ ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದವನು.

"ಏನ್ಲಾ ಬಿಎಸ್ಸಿ, ನಾನೂ ಒಂದ್ ಕೈ ಆಕನಾ?"

"ಬೇಡ ಕಣಣ್ಣ. ಇದು ಮೋಟ್ರಲ್ಲ."

ಅವನು ನಕ್ಕು ಹೋದ.

ಆ ಸೆಂಟರಿನವರು ಪ್ರತಿ ಆಯುಧಪೂಜೆಗೂ ಕಂಪ್ಯೂಟರುಗಳಿಗೆ ಧಾರಾಳವಾಗಿ ಪೂಜೆ ಮಾಡಿದ್ದರೆಂದು ಕಾಣುತ್ತದೆ. ಕ್ಯಾಬಿನೆಟ್ಟಿನ ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕೀಬೋರ್ಡಿನ ಸಂದಿಯಲ್ಲೂ ಕುಂಕುಮ. ಒರೆಸುತ್ತ ಒರೆಸುತ್ತ ಒಳಗೆ ಹೋದೆ. ಪ್ರೊಸೆಸರಿನ ಮೇಲೆ ಕೂತ ಅಲ್ಯೂಮಿನಿಯಂ ತುಂಡನ್ನೂ ಫ್ಯಾನನ್ನೂ ಬಿಚ್ಚಿದರೆ, ಅದರಡಿಯಲ್ಲೂ ವಿಭೂತಿಯಂತೆ ಬೆಳ್ಳಗೆ ಒಣಗಿದ ಪಟ್ಟೆ!

ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. "ಅವ್ವ, ಬಾ ಇಲ್ಲಿ. ಮೌಢ್ಯ ಎಲ್ಲೀಗಂಟ ಓಗದೆ ನೋಡು. ಬಿಚ್ಚಿ ಒಳಗಡೆಗೂ ಅಚ್ಚವ್ರೆ!"

ಅವ್ವ ಬಗ್ಗಿ ನೋಡಿದಳು. "ಈಬತ್ತಿ ಇದ್ರೆ ಇರ್ಲಿ ಬುಡು ಮಗ. ದೇವ್ರುದು, ತೆಗೀಬೇಡ."

ಅವ್ವನ ಹಳೆ ಸೀರೆಯ ಚೂರಿನಿಂದಲೇ ಫಳಫಳ ಹೊಳೆಯುವಂತೆ ಒರೆಸಿದೆ. ಓದಿದವನ ಮನೆಯಲ್ಲಿ ಇಂಥದ್ದೆಲ್ಲ ಇರಬಾರದೆಂದು ಒಂದು ಸಣ್ಣ ಭಾಷಣವನ್ನೂ ಬಿಗಿದೆ.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಕಂಪ್ಯೂಟರ್ ಚಾಲೂ ಆಯಿತು. ಆಟ ಶುರುವಾಯಿತು. ನನ್ನ ಕೆಂಪು ಕಾರು ಮೊದಲ ಸುತ್ತು ಮುಗಿಸುವ ಮೊದಲೇ ಟಪ್ಪೆಂದು ಎಲ್ಲ ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ಟಪ್. ವೈರು ಬಿಗಿದೆ, ರ‍್ಯಾಮನ್ನು ರಬ್ಬರಿನಲ್ಲಿ ಉಜ್ಜಿದೆ, ಕರೆಂಟಿನವರನ್ನು ಬೈದೆ. ಅವ್ವ ಒಲೆಯ ಮುಂದಿನಿಂದ ಒಂದೇ ಮಾತು ಹೇಳುತ್ತಿದ್ದಳು: "ಈಬತ್ತಿ ಒರೆಸ್ದಲ್ಲ, ಅದ್ಕೇಯ."

ಶುಕ್ರವಾರ ಗ್ರಾಫಿಕ್ಸ್ ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಗೆ ಹೋಗಿ ಅಂಗಡಿಯವನ ಮೇಲೆ ಹಾರಾಡಿದೆ. ಅವನು ಅದನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ, ನನ್ನೆದುರೇ ಇಡೀ ರೇಸ್ ಮುಗಿಸಿ ಕೇಳಿದ: "ಇನ್ನೊಂದ್ಸಲ ಆಡ್ಲಾ ಸಾರ್?"

ಶನಿವಾರ ಬೆಳಿಗ್ಗೆ ಬೇರೆ ದಾರಿ ಉಳಿಯಲಿಲ್ಲ. ನಾಳೆ ಅಪ್ಪನ ಮುಖ ಏನಾಗುತ್ತದೆಂದು ನೆನೆಸಿಕೊಂಡು, ಕ್ಯಾಬಿನೆಟ್ಟನ್ನು ಒಮ್ಮೆ, ಮಾನಿಟರನ್ನು ಇನ್ನೊಮ್ಮೆ ಹೆಗಲ ಮೇಲಿಟ್ಟು ಮೋಟಾರು ರಿಪೇರಿಯ ಅಣ್ಣನ ಅಂಗಡಿಗೆ ಸಾಗಿಸಿದೆ.

ಅಣ್ಣ ಒಂದು ಸಲ ಹಾಕಿ ನೋಡಿದ. ಆರಿದ ಕೂಡಲೇ ಪ್ಲಗ್ ಕಿತ್ತು, ಫ್ಯಾನ್ ಬಿಚ್ಚಿ ಪ್ರೊಸೆಸರಿಗೆ ಬೆರಳು ತಾಗಿಸಿ ಹಿಂದಕ್ಕೆಳೆದುಕೊಂಡ.

"ಕಾದ ರೊಟ್ಟಿ ಎಂಚಾಗದಲ್ಲೋ! ಪೇಸ್ಟೆಲ್ಲಿ?"

"ಯಾವ್ ಪೇಸ್ಟು?"

"ಬೆಳ್ಳಗಿರ್ತದಲ್ಲ. ಬಿಸಿ ಈಚೆಗ್ ಬರ್ಲಿ ಅಂತ ಆಂಪ್ಲಿಫೈಯರ್ಗೂ ಅಚ್ತೀವಿ."

ನಾನು ನೆಲ ನೋಡಿದೆ. "ಒರೆಸ್ಬುಟ್ಟೆ."

"ಯಾಕ್ಲಾ?"

"ಈಬತ್ತಿ ಅಂದ್ಕಂಡೆ."

ಅಣ್ಣ ತಾಮ್ರದ ತಂತಿಯ ಸುರುಳಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವತನಕ ನಕ್ಕ. ಉಷ್ಣವಾಹಕತೆಯ ಮೇಲೆ ಹತ್ತು ಅಂಕದ ಪ್ರಶ್ನೆಗೆ ಚಿತ್ರ ಸಮೇತ ಮೂರು ಪುಟ ಬರೆದು ಪಾಸಾದವನು ನಾನು. ಅವನು ಡಬ್ಬಿಯೊಂದರಿಂದ ಕಡಲೆಬೇಳೆಯಷ್ಟು ಪೇಸ್ಟು ತೆಗೆದು ಹಚ್ಚಿದ. ಆ ಬೆಳಿಗ್ಗೆ ನನ್ನ ಕಾರು ಐದು ಸುತ್ತು ಓಡಿತು.

"ಯಾರ್ಗೂ ಏಳಕಿಲ್ಲ ಓಗು," ಎಂದ.

ಭಾನುವಾರ ಟೀ ಅಂಗಡಿಯ ಬಳಗವೆಲ್ಲ ಚಾಪೆಯ ಮೇಲೆ ಬಂದು ಕೂತಿತು. ಅಪ್ಪ ಒಗೆದ ಅಂಗಿ ಹಾಕಿದ್ದ. ಕಾರು ಓಡಿತು, ಜನ ಬೆರಗಾದರು; ಓದುವ ಕಂಪ್ಯೂಟರಿನಲ್ಲಿ ಕಾರೇಕೆಂದು ಕೇಳುವುದು ಅಪ್ಪನಿಗೂ ಮರೆತುಹೋಯಿತು. ಅಪ್ಪನ ಆಸೆ ಅಲ್ಲಿಗೇ ನಿಲ್ಲಲಿಲ್ಲ. "ಮೂರ್ ದಿನ ಕೆಟ್ಟು ಕೂತಿತ್ತು. ಏನಾಗಿತ್ತು ಅಂತ ಇವ್ರಿಗ್ ಏಳ್ಲಾ."

ನಾನು ಬಿಡುತ್ತೇನೆಯೇ? ಲೋಹ, ನಡುವಿನ ಗಾಳಿ, ಶಾಖ ಹರಿಯುವ ಬಗೆ ಎಲ್ಲ ವಿವರಿಸಿ, ಅದಕ್ಕೇ ಪೇಸ್ಟು ಹಚ್ಚಬೇಕಾಯಿತೆಂದು ಮುಗಿಸಿದೆ. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿದ್ದ ಒಬ್ಬ ಮುದುಕಪ್ಪ ಮಾತ್ರ ಕೇಳಿದ: "ಅಲ್ಲ ಕಣಪ್ಪ, ಅದು ಮೊದ್ಲೇ ಇರ್ನಿಲ್ವಾ?"

ಬಾಗಿಲಲ್ಲಿದ್ದ ಅಣ್ಣನನ್ನು ನೋಡಿದೆ. ಅವನು ಕೊಟ್ಟ ಮಾತು ಉಳಿಸಿಕೊಂಡು, ಸೂರಿನ ತೊಲೆ ಎಣಿಸುತ್ತಿದ್ದ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಹೇಳಿದ್ದನ್ನೆಲ್ಲ ನಂಬಿ ಅಪ್ಪ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ.

"ಇತ್ತು," ಎಂದೆ. "ಈಬತ್ತಿ ಅಂತ ನಾನೇ ಒರೆಸ್ಬುಟ್ಟೆ. ಅಣ್ಣ ಅಚ್ಕೊಟ್ಟ."

ಎಲ್ಲರೂ ಮನೆಯೇ ಬಿದ್ದುಹೋಗುವಂತೆ ನಕ್ಕರು. ಒಳಗಿನಿಂದ ಅವ್ವ, "ನಾನ್ ಏಳ್ನಿಲ್ವಾ!" ಎಂದಳು. ನಾನು ಅಪ್ಪನ ಕಡೆ ನೋಡಲಾರದೆ ಕೀಬೋರ್ಡು ನೋಡುತ್ತಿದ್ದೆ. ಎಲ್ಲರ ನಗು ತಣ್ಣಗಾದ ಮೇಲೂ ಒಂದು ನಗು ಮಾತ್ರ ನಿಲ್ಲಲಿಲ್ಲ. ಅದು ಅಪ್ಪನದು.

"ನಗ್ರಲಾ, ನಗಿ," ಎಂದ, ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ನಮ್ನಿಮ್ಮಂತೋರು ಅಲ್ಲೀಗಂಟ ಬಿಚ್ತಾನೂ ಇರ್ನಿಲ್ಲ. ಒರೆಸಕ್ಕೂ ಓದಿರ್ಬೇಕು ಕಣ್ರಲಾ!"