ಕಾರ್ಡ್ ಕಿತ್ತ ಮೇಲೆ ಬಂದ ಅಕ್ಷರಗಳು

ದೆವ್ವ ಭೂತ ನಂಬುವವನಲ್ಲ ನಾನು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ನಂಬದವನಿಗೇ ಇದು ನಡೆಯಿತು.

ತೊಂಬತ್ತರ ದಶಕದ ಕೊನೆ. ಕೆ.ಆರ್. ಪೇಟೆ ರಸ್ತೆಯಲ್ಲಿದ್ದ ಒಂದು ದನದ ಹಿಂಡಿ ಕಾರ್ಖಾನೆ, ಈಗ ಮುಚ್ಚಿದೆ. ರಾತ್ರಿ ಪಾಳಿ. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಫೈಲುಗಳೆಲ್ಲ ಅಂಗಳದಾಚೆ ಬೀಗ ಹಾಕಿದ ಕೋಣೆಯ ಕಂಪ್ಯೂಟರಿನಲ್ಲಿ, ಅದೇ ಸರ್ವರ್. ನಡುವೆ ಒಂದು ಕೇಬಲ್, ಅದರ ತುದಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ನೆಟ್‌ವರ್ಕ್ ಕಾರ್ಡಿನಲ್ಲಿ. ಲ್ಯಾಪ್‌ಟಾಪ್ ಆರಿಸದೆಯೇ ಆ ಕಾರ್ಡ್ ಕೀಳಬಹುದಿತ್ತು. ಆದರೆ ಮೊದಲು ಆ ಫೈಲುಗಳ ಮೇಲೆ ಲ್ಯಾಪ್‌ಟಾಪಿಗಿರುವ ಹಿಡಿತ ಬಿಡಿಸಬೇಕು. ಇಲ್ಲದಿದ್ದರೆ ಎಲ್ಲ ಮರಗಟ್ಟಿ ನಿಲ್ಲುತ್ತದೆ.

ಅಂದು ಗಾಳಿಗೆ, ಅಂಗಳದ ಮೇಲೆ ಕೇಬಲ್ ಹೊತ್ತ ಉಕ್ಕಿನ ತಂತಿ ಸಡಿಲವಾಯಿತು. ತೊಣ್ಣೂರಿನ ಎಲೆಕ್ಟ್ರಿಷಿಯನ್ ಜವರಣ್ಣ ಕಿಟಕಿಯ ಹೊರಗೆ ಏಣಿ ಹತ್ತಿ, ಹಿಂದಕ್ಕೆ ವಾಲಿ, ತಂತಿಯನ್ನು ಎರಡೂ ಕೈಯಲ್ಲಿ ಜಗ್ಗಿ ನಿಂತ. ನಾನು ಕಾರ್ಡ್ ಕಿತ್ತ ಮೇಲೆ ಅವನು ಮೆಲ್ಲಗೆ ಇಳಿಸಬೇಕು.

"ಬೇಗ ಬುಡಿಸಿ ಸಾ, ಅಂಗೈ ಕುಯ್ತಾದೆ."

ಹಿಡಿತ ಬಿಡಲು ಲ್ಯಾಪ್‌ಟಾಪಿಗೆ ಆಜ್ಞೆ ಕೊಟ್ಟೆ. 'ಬ್ಯುಸಿ' ಎಂದಿತು. ಮತ್ತೆ ಕೊಟ್ಟೆ. ಬ್ಯುಸಿ...

"ಏನ್ ಸಾ, ಇಷ್ಟು ಬುಡಿಸಕ್ಕೆ ಮೈಸೂರ್ಗಂಟ ಓಗಿ ಓದ್ಬೇಕಿತ್ತಾ?" ಕಿಟಕಿಯಾಚೆಯಿಂದ ನಗು.

ಮೈಯುರಿಯಿತು. ಕಾರ್ಡನ್ನು ಹಾಗೇ ಕಿತ್ತು ಕೂಗಿದೆ: "ಬುಡ್ಲಾ!"

ತಂತಿ ಸುಂಯ್ ಎಂದಿತು. ಆಮೇಲೆ ಮೂಟೆ ಬಿದ್ದಂಥ ಸದ್ದು...

ಅಂಗಳದಲ್ಲಿ ಹಿಂಡಿಗೆ ಬೆರೆಸುವ ಕಾಕಂಬಿಯ ವಾಸನೆ, ಅದರೊಳಗೆ ರಕ್ತದ್ದು. ಜವರಣ್ಣನ ಉಸಿರು ನಿಂತಿತ್ತು. ಫೋನ್ ಮಾಡಲು ಒಳಗೆ ಓಡಿದೆ.

ಕಾರ್ಡ್ ಮೇಜಿನ ಮೇಲೆ ಬಿದ್ದಿತ್ತು. ಪರದೆಯಲ್ಲಿ 'ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ' ಎಂಬ ಸಾಲು. ಅದು ಸರಿಯೇ. ಆದರೆ ನೋಡುತ್ತಿದ್ದಂತೆ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು: 'ಸರ್ವರ್ ಸಿಕ್ಕಿತು.'

ತೆರೆದಿದ್ದ ಫೈಲಿನಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಬೀಳತೊಡಗಿತು. ಕೂಡಿಸಿ ಓದಿದೆ.

'ನಂಗಂದ್ರಾ ಸಾ?'

ಆಚೆ ಕೋಣೆಯ ಬೀಗದ ಕೈ ಜವರಣ್ಣನ ಜೇಬಿನಲ್ಲೇ ಇತ್ತು. ಬೆಳಿಗ್ಗೆ ಫೈಲಿನಲ್ಲಿ ಆ ಸಾಲು ಇರಲಿಲ್ಲ. ಗಾಬರಿಯಲ್ಲಿ ಕಣ್ಣಿಗೆ ಕಂಡದ್ದಿರಬಹುದು... ಗೊತ್ತಿಲ್ಲ.

ಹನ್ನೊಂದನೆಯ ದಿನ ಅವನ ಹೆಂಡತಿ ಕಾರ್ಖಾನೆಗೆ ಬಂದಳು. "ನಮ್ಮೋರು ಸುಮ್ಸುಮ್ನೆ ಕೈ ಬುಡೋರಲ್ಲ ಸಾ. ಕೆಳಗಿಂದ ಯಾರಾನ ಏನಾನ ಅಂದ್ರಾ?"

"ಇಲ್ಲಮ್ಮ. ಯಾರೂ ಏನೂ ಅನ್ನಲಿಲ್ಲ."

ಅವಳು ನಂಬಿ ಕೈ ಮುಗಿದು ಹೋದಳು.

'ಬುಡ್ಲಾ' ಎಂದದ್ದು ಯಂತ್ರಕ್ಕೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕೂಗುವಾಗ ನನ್ನ ಮುಖ ಪರದೆಯ ಕಡೆಗಿರಲಿಲ್ಲ, ಕಿಟಕಿಯ ಕಡೆಗಿತ್ತು... ಎಂದು ಈಚೆಗೆ ಅನ್ನಿಸುತ್ತಿದೆ.